ಸೊಸೆಯ ಪಗಾರ

ನಮ್ಮ ಕಡೆ ಒಕ್ಕಲುತನದ ಮನೆಗಳಲ್ಲಿ ಲೆಕ್ಕದ ವಹಿ ಇಡುವವರು ಇನ್ನೂ ಇದ್ದಾರೆ. ಎತ್ತಿನ ಹಿಂಡಿ, ಟ್ರ್ಯಾಕ್ಟರಿನ ಡೀಸೆಲ್, ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗಿಬಂದ ಖರ್ಚು, ಎಲ್ಲಕ್ಕೂ ಅದರಲ್ಲೊಂದು ಸಾಲು. ಮುದುಕರನ್ನು ನೋಡಿಕೊಳ್ಳುವುದಕ್ಕೆ ಮಾತ್ರ ಸಾಲಿಲ್ಲ. ಅದು ಖರ್ಚೆಂದು ಯಾರಿಗೂ ಅನ್ನಿಸಿಯೇ ಇಲ್ಲ. ಸವದತ್ತಿ ಕಡೆಯ ನಮ್ಮ ದೊಡ್ಡವ್ವ ಬಚ್ಚಲಲ್ಲಿ ಜಾರಿ ಸೊಂಟದ ಕೀಲು ಮುರಿದುಕೊಂಡಾಗ ವಹಿಗೆ ಹೊಸ ಪುಟ ಬೇಕಾಯಿತು.

ಶಸ್ತ್ರಕ್ರಿಯೆಯ ಚಿಂತೆ ದೊಡ್ಡದಾಗಲಿಲ್ಲ. ಬಿಪಿಎಲ್ ಕಾರ್ಡ್ ಇತ್ತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಆದರೆ ಆ ಕಾರ್ಡಿನ ಕಣ್ಣಿಗೆ ಆಸ್ಪತ್ರೆಯ ಮಂಚ ಕಾಣುತ್ತದೆ, ಮನೆಯ ಹೊರಸು ಕಾಣುವುದಿಲ್ಲ. ಹೊಲಿಗೆ ಬಿಚ್ಚಿದ ದಿನಕ್ಕೆ ಸರ್ಕಾರದ ಪಾಲು ಮುಗಿಯಿತು. ಎತ್ತಿ ಕೂರಿಸುವುದು, ಒರೆಸುವುದು, ರಾತ್ರಿ ಎದ್ದು ಮಗ್ಗುಲು ಬದಲಿಸುವುದು, ಇವೆಲ್ಲ ಆಮೇಲಿನವು.

ದೊಡ್ಡವ್ವನ ಮಕ್ಕಳು ನಾಲ್ವರು. ಹಿರಿಯಣ್ಣ ಊರಲ್ಲೇ ಒಕ್ಕಲಿಗ. ಎರಡನೆಯವನು ಕಿತ್ತೂರಿನಲ್ಲಿ ಮನೆ ಮಾಡಿಕೊಂಡು ದಿನಾ ಹೆದ್ದಾರಿ ಹಿಡಿದು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಕ್ಕೆ ಹೋಗಿಬರುವವನು. ಮಗಳನ್ನು ಕೊಟ್ಟದ್ದು ರಾಮದುರ್ಗದ ನೇಕಾರರ ಮನೆಗೆ. ಕಿರಿಯವನು ಪುಣೆಯಲ್ಲಿ. ಬೈಲಹೊಂಗಲದಲ್ಲಿರುವ ನನಗೆ ಇವರ ನಡುವೆ ಪಂಚನ ಕೆಲಸ. ಪುಣೆಯವನು ಹುಬ್ಬಳ್ಳಿಯ ಏಜೆನ್ಸಿಯೊಂದಕ್ಕೆ ಫೋನು ಹಚ್ಚಿದ. ಇಪ್ಪತ್ನಾಲ್ಕು ತಾಸು ಇರುವ ಹೆಣ್ಣುಮಗಳಿಗೆ ತಿಂಗಳಿಗೆ ಇಪ್ಪತ್ತು ಸಾವಿರದ ಮೇಲೆ, ಊಟ ವಸತಿ ಬೇರೆ. ಅದನ್ನು ಕೇಳಿದ ದೊಡ್ಡವ್ವ ಹೊರಸಿನ ಮೇಲಿಂದಲೇ, "ಅಷ್ಟೂ ರೊಕ್ಕಾ ನನ್ನ ಕೈಯಾಗ ಕೊಡ್ರಿ, ನಾನ ಎದ್ದ ಅಡ್ಡ್ಯಾಡತೀನಿ" ಅಂದಳು.

ಅವಳ ಕೈಯಲ್ಲಿ ಆಗಲೇ ಇದ್ದದ್ದೆಷ್ಟು? ಸಂಧ್ಯಾ ಸುರಕ್ಷೆಯದು 1,200. ನಮ್ಮ ಮುದುಕರು ಅದನ್ನು ಪಗಾರ ಅನ್ನುತ್ತಾರೆ. ತಡವಾದರೆ ಅಂಚೆಯವನನ್ನು ಪಗಾರ ಹಿಡಿದುಕೊಂಡ ಸಾಹುಕಾರನಂತೆ ಮಾತಾಡಿಸುತ್ತಾರೆ. ಅದರ ಮೇಲೆ ಗೃಹಲಕ್ಷ್ಮಿಯ 2,000. 2023ರಲ್ಲಿ ಯೋಜನೆ ಬರುವ ಮುಂಚೆ ರಾಜ್ಯಕ್ಕೆ ರಾಜ್ಯವೇ ಈ ಹಣ ಅತ್ತೆಗೋ ಸೊಸೆಗೋ ಎಂದು ಜಗಳಾಡಿತ್ತು. ಖಾತೆಯ ಸಚಿವೆ ಲಕ್ಷ್ಮೀ ಹೆಬ್ಬಾಳ್ಕರ್ ನಮ್ಮ ಬೆಳಗಾವಿ ಜಿಲ್ಲೆಯವರೇ ಆದ್ದರಿಂದ ಇಲ್ಲಿ ಆ ಜಗಳಕ್ಕೆ ಇನ್ನಷ್ಟು ರುಚಿ. ಕಡೆಗೆ ರೇಷನ್ ಕಾರ್ಡಿನಲ್ಲಿ ಯಜಮಾನಿ ಯಾರೋ ಅವರಿಗೆ ಎಂದಾಯಿತು, ಅಂದರೆ ಬಹಳಷ್ಟು ಮನೆಗಳಲ್ಲಿ ಅತ್ತೆಗೆ. ಇದೇ ಜಿಲ್ಲೆಯ ಅಜ್ಜಿಯೊಬ್ಬಳು ಆ ಹಣ ಕೂಡಿಟ್ಟು ಊರಿಗೆ ಹೋಳಿಗೆ ಊಟ ಹಾಕಿಸಿದ್ದು 2024ರಲ್ಲಿ ಸುದ್ದಿಯಾಯಿತು. ದೊಡ್ಡವ್ವನ 3,200ರಲ್ಲಿ ಹೋಳಿಗೆಯಿಲ್ಲ. ಡೈಪರು, ಮುಲಾಮು, ಎಲುಬಿನ ಗುಳಿಗೆ, ವಾರಕ್ಕೊಮ್ಮೆ ಬರುವ ಫಿಜಿಯೋಥೆರಪಿಯವನ ಪೆಟ್ರೋಲು, ಅಲ್ಲಿಗೆ ಖಲಾಸ್.

ಪುಣೆಯವನು ಓದಿಕೊಂಡವನು. ಮನೆಯನ್ನು ಬ್ಯಾಂಕಿಗೆ ಒತ್ತೆಯಿಟ್ಟು, ಅದರಲ್ಲೇ ಇದ್ದುಕೊಂಡು ಬ್ಯಾಂಕಿನಿಂದಲೇ ತಿಂಗಳು ತಿಂಗಳು ಹಣ ಪಡೆಯುವ ಹಿಮ್ಮುಖ ಅಡಮಾನದ ಸಾಲವನ್ನು ಕಂಡುಹಿಡಿದ. 2007ರಿಂದ ದೇಶದಲ್ಲಿರುವ ಸವಲತ್ತು ಅದು, ಆದರೆ ಸ್ವಂತ ಗಳಿಕೆಯ ಮನೆಗೆ. ನಮ್ಮದು ಗಾಂವಠಾಣದೊಳಗಿನ ಮುತ್ತಜ್ಜನ ಮನೆ. ಹಾಗೆ ನೋಡಿದರೆ ದೊಡ್ಡವ್ವ ತನ್ನದೇ ಅಡಮಾನ ಎಂದೋ ನಡೆಸಿದ್ದಳು. ಕೊರಳ ಬೋರಮಾಳವನ್ನು ಮೂವರು ಸೊಸೆಯಂದಿರಿಗೂ ಬೇರೆ ಬೇರೆ ಕರೆದು, "ನಿನಗ ಐತಿ, ಯಾರ ಮುಂದೂ ಹೇಳಬ್ಯಾಡ" ಅಂದಿದ್ದಳು. ಪೋಸ್ಟಿನ ಹಿರಿಯ ನಾಗರಿಕರ ಉಳಿತಾಯ ಯೋಜನೆ ನನಗೆ ಮೆಚ್ಚುಗೆಯದು. ಶೇ 8.2ರ ದರದಲ್ಲಿ ಒಂದು ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 2,050 ರೂಪಾಯಿ ತಪ್ಪದೆ ಬರುತ್ತದೆ. ನಿವೃತ್ತ ಮಾಸ್ತರರಿಗೆ ಅದು ಸರಿ. ಗಂಟು ಕಟ್ಟಿದವರಿಗಷ್ಟೇ ಬಡ್ಡಿ.

ಕೊನೆಗೆ ಕೈಹಿಡಿದದ್ದು ಎರಡೆಕರೆ ಎರೆಭೂಮಿ. ಅಣ್ಣತಮ್ಮಂದಿರ ವಾಟ್ನಿಯಾದಾಗ ದೊಡ್ಡಪ್ಪ ಹಟ ಹಿಡಿದು ಅಷ್ಟನ್ನು ಹೆಂಡತಿಯ ಹೆಸರಿನಲ್ಲಿ ಉಳಿಸಿದ್ದ. ಮಕ್ಕಳಿಗೆ ಆಗ ಮುಖ ಚಿಕ್ಕದಾಗಿತ್ತು. ಆ ಹೊಲ ಲಾವಣಿಗೆ ಹೋಗುತ್ತದೆ. ಕಡಲೆಯೋ ಜೋಳವೋ ಬಿತ್ತುವವನ ಪಾಡು, ಯುಗಾದಿಗೆ ಮುಂಗಡ ರೊಕ್ಕ. ತಮಾಷೆಯೆಂದರೆ 1974ರ ಭೂಸುಧಾರಣೆಯಿಂದೀಚೆಗೆ ಕರ್ನಾಟಕದಲ್ಲಿ ಕೃಷಿಭೂಮಿಯನ್ನು ಹೀಗೆ ಗೇಣಿಗೆ ಕೊಡುವಂತಿಲ್ಲ. ಉಳುವವನು ಒಡೆಯನಾಗಲೆಂದು ಬಂದ ಕಾನೂನು, ಬರಬೇಕಾದ್ದೇ ಆಗಿತ್ತು. ಆದರೆ ಉಳಲಾರದ ಮುದುಕಿಯ ಅನ್ನ ಇವತ್ತು ಬಾಯಿಮಾತಿನ ಮೇಲೆ ನಿಂತಿದೆ. ಲಾವಣಿ ಹಿಡಿದವನು ಕೈಯೆತ್ತಿದರೆ ತೋರಿಸಲು ಒಂದು ಚೀಟಿಯೂ ಇಲ್ಲ.

ಹೊಲವೂ ಇಲ್ಲದೆ ಎಲ್ಲವನ್ನೂ ಮಕ್ಕಳಿಗೆ ಬರೆದುಕೊಟ್ಟವರ ಗತಿ ಬೇರೆ. ಅಂಥವರಿಗಾಗಿ 2007ರ ಪಾಲಕರ ಪೋಷಣೆ ಕಾಯ್ದೆ ಇದೆ. ಬೈಲಹೊಂಗಲದ ಉಪವಿಭಾಗಾಧಿಕಾರಿಗಳ ಮುಂದೆ ವಕೀಲರಿಲ್ಲದೆಯೇ ಅರ್ಜಿ ಹಾಕಬಹುದು, ತಿಂಗಳಿಗೆ 10,000ದವರೆಗೆ ಜೀವನಾಂಶ ಕೊಡಿಸಬಹುದು. ಆದರೆ ಮಕ್ಕಳ ಮೇಲೆ ಅರ್ಜಿ ಕೊಟ್ಟ ಮುದುಕಿ ಸಂಜೆ ಬಸ್ಸಿಳಿದು ಹೋಗುವುದು ಅದೇ ಮಕ್ಕಳ ಮನೆಗೆ. ಕಾಯ್ದೆಯ 23ನೇ ಕಲಂ ನನಗೆ ಹೆಚ್ಚು ಉಪಯೋಗದ್ದೆನಿಸುತ್ತದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದರೆ, ಷರತ್ತು ಮುರಿದಾಗ ಅದನ್ನು ವಾಪಸು ಕೇಳಬಹುದು. ಷರತ್ತನ್ನು ಪತ್ರದಲ್ಲೇ ಬರೆಸಬೇಕು. ನಮ್ಮವರು ಬರೆಸುವುದಿಲ್ಲ, ಮಗ ಏನಂದುಕೊಂಡಾನು ಎಂದು.

ರಾಮದುರ್ಗದ ಮಗಳು ಎರಡು ತಿಂಗಳು ತಾಯಿಯನ್ನು ಕರೆದೊಯ್ದಳು. ಮಗ್ಗದ ಮನೆಯಲ್ಲಿ ದುಡಿಮೆಯೂ ಹೊರಸೂ ಒಂದೇ ಪಡಸಾಲೆಯಲ್ಲಿ. ನೇಯುವವನು ಲಾಳಿ ನಿಲ್ಲಿಸಿ ಎದ್ದು ನೀರು ಕೊಡಬಲ್ಲ. ಆದರೆ ನಿಲ್ಲಿಸಿದಷ್ಟೂ ಸೀರೆ ಹಿಂದೆ ಬೀಳುತ್ತದೆ. ದೊಡ್ಡವ್ವ ಮಗ್ಗದ ಸದ್ದು ತಡೆಯಲಾರೆನೆಂದು ಹಟ ಮಾಡಿ ಊರಿಗೆ ಮರಳಿದಳು.

ಅಲ್ಲಿಗೆ ಎಲ್ಲ ಬಂದು ನಿಂತದ್ದು ಹಿರಿಯಣ್ಣನ ಹೆಂಡತಿ, ನಮ್ಮ ವೈನಿಯ ಮೇಲೆ. ಉದ್ಯೋಗ ಖಾತ್ರಿಯಲ್ಲಿ 2025–26ರ ದಿನಗೂಲಿ 370 ರೂಪಾಯಿ. ಅದೇ ದರವನ್ನು ಅವಳ ಕೆಲಸಕ್ಕೆ ಹಾಕಿದೆ, ರಜೆಯಿಲ್ಲದ ಕೆಲಸವಾದ್ದರಿಂದ ಮುನ್ನೂರರವತ್ತೈದು ದಿನಕ್ಕೂ: ವರ್ಷಕ್ಕೆ 1,35,050. ರಾತ್ರಿಪಾಳಿಯ ಲೆಕ್ಕ ಬೇರೆ. ಈ ಲೆಕ್ಕದಲ್ಲಿ ಮನೆಗೆ ಅತಿ ಹೆಚ್ಚು ಹಣ ಕೊಡುತ್ತಿರುವವಳು ಮಗಳೂ ಅಲ್ಲ, ಮಗನೂ ಅಲ್ಲ. ಸರ್ಕಾರಕ್ಕೆ ಇದು ಹೊಳೆದೇ ಇಲ್ಲವೆಂದಲ್ಲ. ಪಾರ್ಕಿನ್ಸನ್, ಸೆರೆಬ್ರಲ್ ಪಾಲ್ಸಿಯಂಥ ಕೆಲವು ಸ್ಥಿತಿಗಳಲ್ಲಿ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ಭತ್ಯೆಯನ್ನು 2024–25ರ ರಾಜ್ಯ ಬಜೆಟ್ ಘೋಷಿಸಿತು. ಕೀಲು ಮುರಿದ ಮುದುಕಿ ಆ ಪಟ್ಟಿಯಲ್ಲಿಲ್ಲ.

ಹಾಗಾಗಿ ಲಾವಣಿಯ ಹಣ ಪೂರ್ತಿ ವೈನಿಯ ಖಾತೆಗೆ ಹೋಗಬೇಕು, ಕಿತ್ತೂರು ಮತ್ತು ಪುಣೆಯವರು ತಿಂಗಳಿಗೆ ಮೂರು ಮೂರು ಸಾವಿರ ಅದಕ್ಕೇ ಕೂಡಿಸಬೇಕು ಎಂದು ಪಂಚನಾಗಿ ನಾನು ಹೇಳಿದೆ. ಮೊದಲು ಸಿಟ್ಟಾದವಳು ವೈನಿಯೇ. "ಅತ್ತಿ ಚಾಕರಿಗೆ ರೊಕ್ಕಾ ತಗೊಳ್ಳಾಕ ನಾ ಏನ ಕೂಲಿ ಆಳ?" ಊರಲ್ಲೂ ನಗು, ಸೊಸಿಗೆ ಪಗಾರ ಅಂತ, ಕಲಿಗಾಲ. ಬಗೆಹರಿಸಿದವಳು ದೊಡ್ಡವ್ವ. "ತಗೋ ಬೇ. ಬಿಟ್ಟಿ ಮಾಡಿದ್ರ ನಿನಗ ಬಯ್ಯಾಕ ನನಗ ನಾಚಿಕಿ ಆಗತೈತಿ."

ಎರಡು ಸಲ ಹಣ ಬಂದ ಮೇಲೆ ವೈನಿ ಬೆಳಗಿನ ಹೊತ್ತಿಗೆ ಓಣಿಯ ವಿಧವೆಯೊಬ್ಬಳನ್ನು ಕರೆದುಕೊಂಡಳು. ಸ್ನಾನ, ಬಟ್ಟೆ ಅವಳ ಪಾಲು; ಸಂಬಳ ವೈನಿಯ ಖಾತೆಯಿಂದ. ಈ ಯುಗಾದಿಗೆ ಲಾವಣಿಯವನು ಬಂದು, ಕಡಲೆಗೆ ರೇಟಿಲ್ಲ, ಎಕರೆಗೆ ಎರಡು ಸಾವಿರ ಕಡಿಮೆ ಮಾಡಿರೆಂದು ಅಣ್ಣನೆದುರು ಕೂತ. ಅಣ್ಣ ಹೂಂ ಅನ್ನುವುದರಲ್ಲಿದ್ದ. ವೈನಿ ಅಡುಗೆಮನೆಯಿಂದ ಹೊರಬಂದು, ಹೋದ ವರ್ಷ ಯಾವ ಮಾರ್ಕೆಟ್ಟಿನಲ್ಲಿ ಎಷ್ಟಕ್ಕೆ ಮಾರಿದನೆಂದು ಅವನನ್ನೇ ಕೇಳತೊಡಗಿದಳು.