ಹಿಮದ ಮನೆ, ನಮ್ಮನೆಯ ಮಂಟಪ

ಆವರಗೆರೆಯ ಬಿಸಿಲಿನಲ್ಲಿ ಕೂತು ಹಿಮದ ಮಾತಾಡುತ್ತೇನೆ ಅಂದರೆ ನೀವು ನಕ್ಕೀರಿ. ನಗಿ, ಪರವಾಗಿಲ್ಲ. ನಾನು ಹಿಮ ಕಂಡದ್ದು ಫ್ರಿಜ್ಜಿನಲ್ಲಿ ಮಾತ್ರ!

ಆರ್ಕಿಟೆಕ್ಚರ್ ಓದುವ ತಂಗಿಯ ಮಗಳು ರಜೆಗೆ ಬಂದಾಗ ಒಂದು ಪುಸ್ತಕ ತೋರಿಸಿದಳು. 2004ರಲ್ಲಿ ಫಿನ್ಲೆಂಡಿನ ಕೆಮಿ, ರೊವಾನಿಯೆಮಿ ಊರುಗಳಲ್ಲಿ ನಡೆದ ‘ಸ್ನೋ ಷೋ’ದ ಚಿತ್ರಗಳು. ಏರ್ಪಡಿಸಿದವರು ಲ್ಯಾನ್ಸ್ ಫಂಗ್. ಒಬ್ಬ ಕಲಾವಿದ, ಒಬ್ಬ ವಾಸ್ತುಶಿಲ್ಪಿ ಜೋಡಿಯಾಗಿ ಹಿಮದಲ್ಲೋ ಮಂಜುಗಡ್ಡೆಯಲ್ಲೋ ಕಟ್ಟಬೇಕು. ಜಪಾನಿನ ತಡಾವೊ ಆಂಡೋ ಮಂಜುಗಡ್ಡೆಯ ಸುರಂಗ ರೂಪಿಸಿದರೆ, ತತ್ಸುವೊ ಮಿಯಾಜಿಮಾ ಅದರೊಳಗೆ ಅಂಕಿಗಳ ದೀಪ ಮಿನುಗಿಸಿದರು. ಚೀನಾದ ತ್ಸಾಯ್ ಗುವೊ-ಚಿಯಾಂಗ್ ಅವರಂತೂ ಝಾಹಾ ಹದೀದ್ ಜೊತೆ ಮಾಡಿದ ಕಟ್ಟಡದ ಮೇಲೆ ವೋಡ್ಕಾ ಸುರಿದು ಬೆಂಕಿ ಹಚ್ಚಿದರಂತೆ!

ಹಿಮದ ಗೋಡೆ ನಿಲ್ಲುವುದು ಹೇಗೆ? ಚೀಲದ ಮಂಡಕ್ಕಿಯಲ್ಲಿ ಗಾಳಿಯೇ ಹೆಚ್ಚಲ್ಲವೇ, ಉದುರು ಹಿಮವೂ ಹಾಗೇ. ಹಲಗೆಗಳ ನಡುವೆ ಸುರಿದು ಅದುಮಿದರೆ ಹರಳುಗಳು ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗುತ್ತವೆ, ಮಂಡಕ್ಕಿ ಉಂಡೆಯ ಹಾಗೆ. ಪಾಕವೇ ಬೇಡ. ವಸಂತ ಬಂದರೆ ಎಲ್ಲ ನೀರು.

“ಕರಗೋದಕ್ಕೆ ಇಷ್ಟು ಖರ್ಚೇ?” ಅಂದರು ನಮ್ಮನೆಯವರು. ವರ್ಷಾ ವರ್ಷಾ ಗಣಪನನ್ನು ನೀರಿಗೆ ಬಿಡುವ ನಾವು ಈ ಮಾತು ಆಡಬಹುದೇ, ನೀವೇ ಹೇಳಿ.

ಅವರು ಮನೆ ಕಟ್ಟಿಸುವ ಕಂಟ್ರಾಕ್ಟುದಾರರು. ನಾನು ರಂಗೋಲಿ, ಹಸೆ ಬರೆಯುವವಳು. ಅವರು ಕಟ್ಟಿದ ಎಷ್ಟೋ ಮನೆಗಳ ಗೃಹಪ್ರವೇಶಕ್ಕೆ ರಂಗೋಲಿ ಹಾಕಿದ್ದೇನೆ. ಕಟ್ಟುವಾಗ ಒಮ್ಮೆಯೂ ನನ್ನನ್ನು ಕೇಳಿದವರಲ್ಲ. ನಮ್ಮ ಸ್ವಂತ ಅಡುಗೆಮನೆಗೂ ಕೇಳಲಿಲ್ಲ! ಕಟ್ಟೆ ನನ್ನ ಎದೆಮಟ್ಟಕ್ಕಿದೆ. ಇಪ್ಪತ್ತೆರಡು ವರ್ಷ ಮಣೆ ಮೇಲೆ ನಿಂತು ರೊಟ್ಟಿ ಬಡಿದಿದ್ದೇನೆ.

ಈ ಸಲದ ಚೌತಿಗೆ ಹೇಳಿಯೇಬಿಟ್ಟೆ: “ಏನ್ರೀ, ಮಂಟಪದ ಆಕಾರ ನನ್ನದು, ನಿಲ್ಲಿಸೋದು ನಿಮ್ಮದು.” ಬಿದಿರಿನ ದಬ್ಬೆ, ಹಳೇ ಬಿಳಿ ಪಂಚೆ, ಮಕ್ಕಳು ಒಳಗೆ ನಡೆದು ಹೋಗುವಷ್ಟು ದೊಡ್ಡದು. ನಾನು ಬರೆದ ಕಮಾನು ಚಪ್ಪಟೆಯಾಗಿತ್ತು. “ಭಾರ ಪಕ್ಕಕ್ಕಿಳಿಯಲ್ಲ, ಕುಸಿಯುತ್ತೆ ಕಣೇ” ಅಂದರು. ಹಟ ಹಿಡಿದೆ. ಕುಸಿಯಿತು! ಎತ್ತರಿಸಿ ಬರೆದೆ. ಅವರು ಬಾಗಿಲನ್ನು ನಟ್ಟನಡುವೆ ಇಟ್ಟಿದ್ದರು. ಪಕ್ಕಕ್ಕಿರಲಿ, ಒಂದು ಸುತ್ತು ತಿರುಗಿದ ಮೇಲೆ ಗಣಪ ಕಾಣಲಿ ಅಂದೆ. ಗೊಣಗುತ್ತಲೇ ಸರಿಸಿದರು. ಓಣಿಯ ಮಕ್ಕಳೆಲ್ಲ ದಿನಕ್ಕೆ ಹತ್ತು ಸಲ ಒಳಗೆ ನುಗ್ಗಿ, ತಿರುಗಿ, “ಓ!” ಅನ್ನುತ್ತಿದ್ದರು. ನಮ್ಮನೆಯವರು ಜಗುಲಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದರು.

ಐದನೆಯ ದಿನ ಗಣಪನನ್ನು ಬಿಟ್ಟು ಬಂದು ಮಂಟಪ ಬಿಚ್ಚಿದೆವು. ರಾತ್ರಿ ರೊಟ್ಟಿ ಬಡಿಯುತ್ತಿದ್ದಾಗ ಅವರು ಟೇಪು ಹಿಡಿದು ಒಳಗೆ ಬಂದರು.

“ಮಣೆಯಿಂದ ಇಳಿ. ನಿನ್ನ ಮೊಣಕೈ ಎಷ್ಟು ಎತ್ತರಕ್ಕೆ ಬರುತ್ತೆ ನೋಡೋಣ.”