ದೊಡ್ಡ ಆವರಣ, ಊರಿನ ಆಸರೆ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಿಂದ ಉನ್ನತ ವ್ಯಾಸಂಗಕ್ಕೆ ಹೊರಟವರಲ್ಲಿ ಅನೇಕರಿಗೆ ಬಹುಕಾಲ ಧಾರವಾಡವೇ ಗುರಿಯಾಗಿತ್ತು. ೧೯೪೯ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಗೊಂಡು ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯವು ಗುಡ್ಡದ ಮೇಲೆ ವಿಶಾಲವಾಗಿ ಹರಡಿಕೊಂಡಿದೆ. ಅದನ್ನು ಬೆಳೆಸಿದ ಡಾ. ಡಿ.ಸಿ. ಪಾವಟೆಯವರು ಗೋಕಾಕ ತಾಲೂಕಿನ ಮಮದಾಪುರದವರು; ಕೇಂಬ್ರಿಜ್‌ನಲ್ಲಿ ಗಣಿತವನ್ನು ಓದಿ ಬಂದವರು; ೧೯೫೪ರಿಂದ ೧೯೬೭ರವರೆಗೆ ಅಲ್ಲಿಯ ಕುಲಪತಿಗಳಾಗಿದ್ದವರು.

ನಮ್ಮ ಸೀಮೆಯವರೇ ಬೆಳೆಸಿದ ವಿದ್ಯಾಲಯವಾದರೂ, ೧೯೮೦ರ ದಶಕದಲ್ಲಿ ಮೂಡಲಗಿಯಿಂದ ಹೋದ ನನಗೆ ಮೊದಲ ವಾರಗಳಲ್ಲಿ ಅದು ಪರದೇಶವೆನಿಸಿತು. ಊರಲ್ಲಿ ಎದುರಾದವರೆಲ್ಲ ಯಾರ ಮಗನೆಂದು ಗುರುತಿಸಿ ಮಾತನಾಡಿಸುತ್ತಿದ್ದರು. ಇಲ್ಲಿ ದಿನವಿಡೀ ಅಲೆದರೂ ಹೆಸರು ಹಿಡಿದು ಕರೆಯುವವರಿರಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ನಮಗೆ ಇಂಗ್ಲಿಷಿನ ಉಪನ್ಯಾಸ ಅರ್ಧ ತಿಳಿಯುತ್ತಿತ್ತು. ಕೇಳಲು ಬಾಯಿ ಬರುತ್ತಿರಲಿಲ್ಲ.

ನನ್ನ ಕೋಣೆಯ ಜೊತೆಗಾರ ಹುಕ್ಕೇರಿ ಕಡೆಯವನು. ಮನೆತನದಲ್ಲಿ ಕಾಲೇಜು ಮೆಟ್ಟಿಲೇರಿದ ಮೊದಲಿಗ. ತಿಂಗಳು ತುಂಬುವ ಮೊದಲೇ ಅವನು ಟ್ರಂಕು ಕಟ್ಟಿದ. ಗೋಕಾಕದ ಹಿರಿಯ ವಿದ್ಯಾರ್ಥಿಯೊಬ್ಬರು ಅದನ್ನು ಕಂಡು ಉಪದೇಶವನ್ನೇನೂ ಮಾಡಲಿಲ್ಲ. "ತಮ್ಮಾ, ಊರಿಗೆ ಬಸ್ಸು ನಾಳೆನೂ ಇರತೈತಿ. ಇವತ್ತು ನನ್ನ ಜೋಡಿ ಊಟಕ್ಕ ಬಾ" ಎಂದರು. ಊಟದ ಬಳಿಕ ತಮ್ಮ ಹಳೆಯ ಟಿಪ್ಪಣಿಗಳನ್ನು ಕೊಟ್ಟರು. ಗ್ರಂಥಾಲಯದಲ್ಲಿ ಪುಸ್ತಕ ಹುಡುಕುವ ಕ್ರಮವನ್ನು ತೋರಿಸಿದರು. ಜೊತೆಗಾರ ಉಳಿದ, ಪದವಿ ಪಡೆದ, ಮುಂದೆ ಅಧ್ಯಾಪಕನಾದ. ಅಂದು ಅವನು ಬಸ್ಸು ಹತ್ತಿದ್ದರೆ ಅವನ ಹಿಂದಿದ್ದ ಇಬ್ಬರು ತಂಗಿಯರ ಓದೂ ಅಲ್ಲಿಗೇ ನಿಲ್ಲುತ್ತಿತ್ತು.

ಒಂದೇ ಸೀಮೆಯವರು ಹೀಗೆ ಒಬ್ಬರಿಗೊಬ್ಬರು ಆಸರೆಯಾಗುವುದು ಹೊಸತಲ್ಲ. ಇಟಲಿಯ ಬೊಲೊನ್ಯಾ ವಿಶ್ವವಿದ್ಯಾಲಯವು ೧೦೮೮ರಷ್ಟು ಹಿಂದಿನದೆಂದು ಪ್ರತೀತಿಯಿದೆ. ದೂರದೇಶಗಳಿಂದ ಅಲ್ಲಿಗೆ ಬಂದ ವಿದ್ಯಾರ್ಥಿಗಳು ತಮ್ಮ ತಮ್ಮ ನಾಡಿನ ಹೆಸರಿನಲ್ಲಿ ಸಂಘ ಕಟ್ಟಿಕೊಂಡು ಪರಸ್ಪರ ರಕ್ಷಣೆ ಪಡೆಯುತ್ತಿದ್ದರು. ನಮ್ಮಲ್ಲಿ ಅದೇ ಕಾರ್ಯವನ್ನು ಸಮಾಜವೂ ಮಠಗಳೂ ವಹಿಸಿಕೊಂಡವು. ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ದಪ್ಪನವರು ೧೮೮೩ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾನಿಧಿಗೆ ಅಡಿಪಾಯ ಹಾಕಿದರು. ಶಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳಿಗಾಗಿ ಬಿಟ್ಟುಹೋದರು. ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ಅಸಂಖ್ಯರು. ಪಂಕ್ತಿಯಲ್ಲಿ ಕುಳಿತ ಬಡ ಹುಡುಗನಿಗೆ ಅನ್ನದೊಡನೆ ಜೊತೆಯೂ ದೊರೆಯುತ್ತಿತ್ತು.

೨೦೧೦ರಲ್ಲಿ ಬೆಳಗಾವಿಗೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದು ದೂರ ಕಡಿಮೆಯಾಗಿದೆ. ಆದರೆ ನಮ್ಮ ಮಕ್ಕಳೀಗ ಬೆಂಗಳೂರು, ಪುಣೆಯನ್ನೂ ದಾಟಿ ಯುರೋಪಿಗೂ ಹೋಗುತ್ತಿದ್ದಾರೆ. ಇಂದಿನ ಬೊಲೊನ್ಯಾದಲ್ಲಿ ಓದುವವರೇ ೮೦ ಸಾವಿರಕ್ಕೂ ಅಧಿಕ. ಅಂಥ ಜನಸಾಗರದಲ್ಲಿ ಹೊಸದಾಗಿ ಇಳಿದ ಹುಡುಗಿಯೊಬ್ಬಳ ಮೊದಲ ತಿಂಗಳನ್ನು ಊಹಿಸಿ ನೋಡಿ.

ಮಗಳನ್ನೋ ಮಗನನ್ನೋ ಕಳಿಸುವ ತಂದೆತಾಯಿಗಳು ಶುಲ್ಕದ ಲೆಕ್ಕ ಹಾಕುವಾಗಲೇ ಅಲ್ಲಿ ನಮ್ಮ ಕಡೆಯವರು ಯಾರಿದ್ದಾರೆಂದು ವಿಚಾರಿಸಲಿ. ಮೊದಲೇ ಹೋಗಿ ನೆಲೆ ನಿಂತವರು ಹೊಸಬರನ್ನು ಒಂದು ಹೊತ್ತಿನ ಊಟಕ್ಕೆ ಕರೆಯಲಿ. ಓದು ಮುಗಿಸಿದವರು ತಮ್ಮ ಪುಸ್ತಕಗಳನ್ನು ಊರಿನ ಮುಂದಿನ ಮಕ್ಕಳಿಗೆ ದಾಟಿಸಲಿ. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ; ಮನೆಮನೆಯಿಂದಲೂ ನಡೆಯಬಹುದಾದ ದಾಸೋಹವಿದು.