ಮದುವೆ ಹಾಲಿನಲ್ಲಿ ಕಲಿತ ಆಟ

ನಮ್ಮ ಕೌದಳ್ಳಿ ಕಡೆ ಶಟಲ್ ಆಡುವ ಹುಡುಗರಿಗೆ ಮೊದಲ ಎದುರಾಳಿ ಗಾಳಿ. ಖಾಲಿ ಜಾಗದಲ್ಲಿ ಎರಡು ಕಂಬ ನೆಟ್ಟು ನೆಟ್ ಕಟ್ಟಿದರೆ, ಬೀಸಿದ ಗಾಳಿಗೆ ಕಾಕ್ ಎತ್ತಲೋ ಹೋಗುತ್ತದೆ. ‘ಒಳಗೆ ಆಡೋಕೆ ಜಾಗ ಇಲ್ಲ ಸಾರ್, ನಾವೆಲ್ಲಿ ಮುಂದೆ ಬರೋದು’ ಅನ್ನುತ್ತಾರೆ. ಅವರಿಗಾಗಿ ಪ್ರಕಾಶ್ ಪಡುಕೋಣೆ ಬಗ್ಗೆ ನಾಲ್ಕು ಮಾತು.

ದೀಪಿಕಾ ಅವರ ಅಪ್ಪ ಅಂದರೆ ಬೇಗ ಗೊತ್ತಾಗುತ್ತದೆ, ಇರಲಿ. 1955ರಲ್ಲಿ ಹುಟ್ಟಿದ ಪ್ರಕಾಶ್ ಆಟ ಕಲಿತದ್ದು ಬೆಂಗಳೂರು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲಿನಲ್ಲಿ. ಅದು ಮದುವೆ ಹಾಲ್. ಮದುವೆ ಇದ್ದ ದಿನ ಆಟ ಬಂದ್! ತಂದೆ ರಮೇಶ್ ಪಡುಕೋಣೆ ಅವರೇ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆ ಕಟ್ಟಲು ಓಡಾಡಿದವರು. ನಮ್ಮೂರುಗಳ ಸಮುದಾಯ ಭವನಗಳಿಗೆ ಮದುವೆ ಇಲ್ಲದ ದಿನ ಬೀಗ ಯಾಕೆ ಅಂತ ಪಂಚಾಯಿತಿಯಲ್ಲಿ ಒಮ್ಮೆ ಕೇಳಿ ನೋಡಿ.

1971ರಲ್ಲಿ, 16ನೇ ವಯಸ್ಸಿಗೇ ಪ್ರಕಾಶ್ ರಾಷ್ಟ್ರೀಯ ಸೀನಿಯರ್ ಚಾಂಪಿಯನ್. 1979ರವರೆಗೆ ಸತತ 9 ವರ್ಷ ಆ ಪಟ್ಟ ಬೇರೆಯವರಿಗೆ ಸಿಗಲಿಲ್ಲ. ಆಗ ಅದು ಹವ್ಯಾಸಿಗಳ ಆಟ. ಟೆನಿಸ್‌ನಲ್ಲಿ 1968ಕ್ಕೇ ವೃತ್ತಿಪರರಿಗೆ ಬಾಗಿಲು ತೆರೆದಿತ್ತು. ಬ್ಯಾಡ್ಮಿಂಟನ್‌ನಲ್ಲಿ 1979ರವರೆಗೆ ಕಾಯಬೇಕಾಯಿತು. ಗೆದ್ದರೆ ಕಪ್ಪು, ಹೊಟ್ಟೆಪಾಡಿಗೆ ಬ್ಯಾಂಕ್ ಕೆಲಸ. 1980ರಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದರು. ಅಲ್ಲಿಯವರೆಗೆ ಯಾವ ಭಾರತೀಯನಿಗೂ ಅದು ಒಲಿದಿರಲಿಲ್ಲ.

ನನಗೆ ಹೆಚ್ಚು ಅನ್ನಿಸುವುದು ಆಮೇಲಿನ ಕೆಲಸ. ಆಟ ಬಿಟ್ಟ ಮೇಲೆ ಸುಮ್ಮನೆ ಸನ್ಮಾನ ಮಾಡಿಸಿಕೊಂಡು ಕೂರಲಿಲ್ಲ. 1994ರಲ್ಲಿ ವಿಮಲ್ ಕುಮಾರ್ ಮುಂತಾದವರ ಜೊತೆ ಬೆಂಗಳೂರಿನಲ್ಲಿ ಅಕಾಡೆಮಿ ಶುರು ಮಾಡಿದರು. ಅಲ್ಲಿ ಪಳಗಿದ ಗೋಪಿಚಂದ್ 2001ರಲ್ಲಿ ಅದೇ ಆಲ್ ಇಂಗ್ಲೆಂಡ್ ಗೆದ್ದರು. ನಡುವೆ ರಾಷ್ಟ್ರೀಯ ಸಂಸ್ಥೆಯ ಆಡಳಿತ ಸರಿಯಿಲ್ಲ ಅಂತ ಆಟಗಾರರ ಜೊತೆ ಸೇರಿ ಪರ್ಯಾಯ ಸಂಸ್ಥೆಯನ್ನೇ ಕಟ್ಟಿದ್ದರು. ಮೃದು ಮಾತಿನ ಮನುಷ್ಯ, ಆದರೆ ಜಗಳಕ್ಕೆ ಹಿಂದೆ ಸರಿಯಲಿಲ್ಲ. ಮುಂದೆ ಸ್ವಲ್ಪ ಕಾಲ ರಾಷ್ಟ್ರೀಯ ಸಂಸ್ಥೆಯಲ್ಲೂ ಹೊಣೆ ಹೊತ್ತರು. ಗೀತ್ ಸೇಠಿ ಜೊತೆಗೂಡಿ ಒಲಿಂಪಿಕ್ ಗೋಲ್ಡ್ ಕ್ವೆಸ್ಟ್ ಅನ್ನುವ ಸಂಸ್ಥೆಯನ್ನೂ ಕಟ್ಟಿದರು; ಒಲಿಂಪಿಕ್ಸ್‌ಗೆ ತಯಾರಾಗುವವರ ಖರ್ಚಿಗೆ ಅದು ನೆರವಾಗುತ್ತದೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಕಾಡೆಮಿಯ ಲಕ್ಷ್ಯ ಸೇನ್ ಕಂಚಿನ ಪಂದ್ಯ ಸೋತಾಗ, ಸರ್ಕಾರ ಮಾಡಬೇಕಾದ್ದು ಮಾಡಿದೆ, ಇನ್ನು ಆಟಗಾರರೇ ಜವಾಬ್ದಾರಿ ಹೊರಬೇಕು ಅಂದರು ಪ್ರಕಾಶ್. ಕೊಡಗಿನ ಅಶ್ವಿನಿ ಪೊನ್ನಪ್ಪ ಅದನ್ನು ಒಪ್ಪಲಿಲ್ಲ. ಪ್ಯಾರಿಸ್‌ವರೆಗೆ ಹೋದವರಿಗೆ ಆ ಮಾತು ಸರಿಯೇ ಇರಬಹುದು. ಗಾಳಿಗೆ ಆಡುವ ನಮ್ಮ ಹುಡುಗರ ಬಗ್ಗೆ ಕೇಳಿದ್ದರೆ ಮದುವೆ ಹಾಲಿನಲ್ಲಿ ಆಡಿದ ಅವರು ಹಾಗೆ ಹೇಳುತ್ತಿದ್ದರು ಅಂತ ನನಗೆ ಅನ್ನಿಸುವುದಿಲ್ಲ.